ನಲವತ್ತು ಚೌಕಗಳ ಶಿಲುಬೆ

ಆ ದಿನಗಳಲ್ಲಿ ತಪಸ್ಸು ಕಾಲ ಬಂತೆಂದರೆ ಕೆಮ್ಮಣ್ಣು ಊರಿನ ನಮ್ಮ ಮನೆಯಿಂದ ಮೀನಿನ ವಾಸನೆಯೇ ಹೊರಟುಹೋಗುತ್ತಿತ್ತು. ಹೀಗೆಂದು ಬರೆದ ಮೇಲೆ ಅನುಮಾನ ಬಂತು. ಈಸ್ಟರಿಗೆ ಮುಂಚಿನ ಆ ನಲವತ್ತು ದಿನ ನಾವು ಮೀನನ್ನೂ ಬಿಡುತ್ತಿದ್ದೆವೋ, ಮಾಂಸವನ್ನು ಮಾತ್ರವೋ? ನನಗಾಗ ಹತ್ತು ವರ್ಷ, ಇಲ್ಲವೇ ಹನ್ನೊಂದು. ಮನೆಯಲ್ಲಿ ಆಡುತ್ತಿದ್ದದ್ದು ಕೊಂಕಣಿ. ಕನ್ನಡದಲ್ಲಿ ಬರೆಯುವಾಗ ಅಮ್ಮನ ಮಾತು ಬೇರೆ ಯಾರದೋ ಮಾತಿನಂತೆ ಕೇಳುತ್ತದೆ. ಆದರೆ ಕೊಳೆತ ಗೇರುಹಣ್ಣಿನ ಘಾಟು, ನೆರೆಮನೆಯಲ್ಲಿ ಬಂಗುಡೆ ಹುರಿಯುವಾಗ ಬಾಯಲ್ಲಿ ಊರುತ್ತಿದ್ದ ನೀರು, ಶುಕ್ರವಾರದ ಗಂಜಿ, ಇವು ಸುಳ್ಳಾಗಿರಲಾರವು.

ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳುತ್ತಿದ್ದವರು ನನ್ನ ಮಾವ್ಶಿ, ಅಂದರೆ ಅಮ್ಮನ ಅಕ್ಕ. ಮದುವೆಯಾಗಿರಲಿಲ್ಲ. ನಮ್ಮ ಹಿತ್ತಲಿನಾಚೆಯೇ ಅವರ ಮನೆ. ತಪಸ್ಸು ಕಾಲ ಶುರುವಾದೊಡನೆ ಲೆಕ್ಕದ ಪುಸ್ತಕದ ಹಾಳೆ ಹರಿದು, ಅದರ ಮೇಲೆ ನಲವತ್ತು ಚೌಕಗಳ ಶಿಲುಬೆ ಬರೆದು ಎಲ್ಲರಿಗೂ ಒಂದೊಂದು ಕೊಡುತ್ತಿದ್ದರು. ದಿನಕ್ಕೊಂದು ತ್ಯಾಗ ಮಾಡಬೇಕು, ಒಂದು ಚೌಕಕ್ಕೆ ಕೆಂಪು ಬಣ್ಣ ತುಂಬಬೇಕು.

"ನೀನು ಎಂತ ಬಿಟ್ಟದ್ದು?" ಎಂದು ಒಂದು ಭಾನುವಾರ ನನ್ನ ಪಕ್ಕ ಕುಳಿತಿದ್ದ ಲವೀನಾಳನ್ನು ಕೇಳಿದರು.

"ಹಾಗಲಕಾಯಿ."

"ಅದನ್ನು ತಿಂದರೆ ತ್ಯಾಗ ಮಾರಾಯ್ತಿ, ಬಿಟ್ಟರೆ ಅಲ್ಲ!"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಗೇರುಬೀಜದ ಆಟ ಬಿಟ್ಟು ನಾಲ್ಕು ಚೌಕ ತುಂಬಿಸಿದ್ದೆ, ಐದನೆಯ ದಿನ ಗೋಡೆಯಾಚೆ ಬೀಜ ಕುಟ್ಟುವ ಸದ್ದು ಕೇಳಿ ಓಡಿಹೋಗಿದ್ದೆ. ಏನಾದರೂ ದೊಡ್ಡದು ಬೇಕಿತ್ತು ನನಗೆ.

ಅದು ಅಮ್ಮನಿಂದಲೇ ಸಿಕ್ಕಿತು. ಒಂದು ಮಧ್ಯಾಹ್ನ ಶಾಲೆಯಿಂದ ಬೇಗ ಬಂದೆ. ಅಮ್ಮ ಬಾಗಿಲು ಓರೆ ಮಾಡಿಕೊಂಡು ರವಿಕೆಯ ಒಳಗಿನಿಂದ ಮಡಚಿದ ಹಳೆ ಬಟ್ಟೆಯ ತುಂಡು ತೆಗೆಯುತ್ತಿದ್ದಳು. ಅದರಲ್ಲಿ ಕೀವು-ರಕ್ತದ ಕಲೆ ಇತ್ತು. ನನ್ನನ್ನು ನೋಡಿ ಬೆಚ್ಚಿದಳು, ಬೈಯಲಿಲ್ಲ.

"ಎಂತ ಅಮ್ಮ ಅದು? ನೋವುಂಟಾ?"

"ಉಂಟು. ಹೇಳಿಕೊಂಡರೆ ಅರ್ಧ ಹೋಗ್ತದೆ. ಹಾಗಾಗಿಯೇ ಹೇಳ್ಲಿಕ್ಕಿಲ್ಲ."

"ಮಾವ್ಶಿಗೆ?"

"ಮಾವ್ಶಿಗೂ ಬೇಡ, ಮಸ್ಕತಿಗೆ ಕಾಗದ ಬರೆಯುವಾಗ ಪಪ್ಪನಿಗೂ ಬೇಡ. ಈಗ ತಪಸ್ಸು ಕಾಲ ಅಲ್ವಾ ಮಗಳೇ? ಇದನ್ನು ನಾನು ಯೇಸುವಿಗೆ ಒಪ್ಪಿಸಿದ್ದೇನೆ. ಈಸ್ಟರ್ ಆಗಲಿ, ಮಣಿಪಾಲದ ಆಸ್ಪತ್ರೆಗೆ ಹೋಗುವ." ಆಮೇಲೆ ನನ್ನ ತಲೆ ಸವರಿ ಹೇಳಿದಳು: "ನೀನು ಸುಮ್ಮನಿರುದೇ ನಿನ್ನ ತ್ಯಾಗ."

ಅಂದಿನಿಂದ ಒಂದು ಚೌಕವೂ ತಪ್ಪಲಿಲ್ಲ. ಶುಕ್ರವಾರ ಶಿಲುಬೆಯ ಹಾದಿಯ ಪ್ರಾರ್ಥನೆಯಲ್ಲಿ, ಯೇಸುವಿನ ಯಾತನೆ ನೆನೆಯುವ ಹದಿನಾಲ್ಕು ನಿಲ್ದಾಣಗಳಲ್ಲೂ ಮೊಣಕಾಲೂರಿ ಏಳಬೇಕು. ಅಮ್ಮನಿಗೆ ಎಡಗೈ ಎತ್ತಲು ಆಗುತ್ತಿರಲಿಲ್ಲ. ನಾನು ಪಕ್ಕದಲ್ಲಿ ನಿಂತು ಹೆಗಲು ಕೊಡುತ್ತಿದ್ದೆ. ಅವಳ ನೋವು ಹೆಚ್ಚಾದಷ್ಟೂ ನನ್ನ ಮೌನ ದೊಡ್ಡದಾಗುತ್ತದೆ ಅಂದುಕೊಂಡಿದ್ದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಈ ನೆನಪಿನ ಬಗ್ಗೆ ನನಗೆ ಅನುಮಾನವಿಲ್ಲ.

ಈಸ್ಟರಿಗೆ ಒಂದು ವಾರ ಮೊದಲು, ಗರಿಗಳ ಭಾನುವಾರ, ಮಾವ್ಶಿ ನನ್ನ ಹಾಳೆ ನೋಡಿದರು.

"ಇಷ್ಟೆಲ್ಲ ಎಂತ ಬಿಟ್ಟದ್ದು ನೀನು?"

"ಹೇಳ್ಲಿಕ್ಕಿಲ್ಲ ಮಾವ್ಶಿ."

ಅವರು ಹಾಳೆಯನ್ನು ಎತ್ತಿ ತರಗತಿಗೆಲ್ಲ ತೋರಿಸಿದರು. "ನೋಡಿ, ತ್ಯಾಗ ಅಂದರೆ ಇದು. ಮಾಡಿದ್ದನ್ನು ಡಂಗುರ ಹೊಡೆಯುದಿಲ್ಲ." ಲವೀನಾ ಹೊಟ್ಟೆಕಿಚ್ಚಿನಿಂದ ನನ್ನ ಜಡೆ ಎಳೆದಳು. ಅಷ್ಟು ಸಂತೋಷ ನನಗೆ ಮತ್ತೆ ಯಾವ ಬಹುಮಾನದಿಂದಲೂ ಆಗಿಲ್ಲ.

ಈಸ್ಟರಿನ ದಿನ ಅಮ್ಮ ಇಡ್ಲಿಯಂಥ ಸಾನ್ನಾ ಮಾಡಿದಳು, ಹಂದಿಮಾಂಸ ಬೇಯಿಸಿದಳು, ಎಲ್ಲರಿಗೂ ಬಡಿಸಿದಳು. ಎರಡು ದಿನ ಬಿಟ್ಟು ಮಣಿಪಾಲಕ್ಕೆ ಹೋದಳು. ಇಷ್ಟು ದಿನ ಎಂತ ಮಾಡ್ತಿದ್ರಿ ಎಂದು ಡಾಕ್ಟರು ಕೇಳಿದರಂತೆ. ಮುಂದಿನ ವರ್ಷ ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರದ ಹೊತ್ತಿಗೆ ಅಮ್ಮ ಇರಲಿಲ್ಲ.

ಆ ನಲವತ್ತು ದಿನ ಕಾಯದೆ ಹೋಗಿದ್ದರೆ ಏನಾದರೂ ವ್ಯತ್ಯಾಸವಾಗುತ್ತಿತ್ತೇ? ದೊಡ್ಡವಳಾದ ಮೇಲೆ ಡಾಕ್ಟರಾಗಿರುವ ಗೆಳತಿಯನ್ನು ಕೇಳಿದೆ. "ಹೇಳ್ಲಿಕ್ಕೆ ಆಗುದಿಲ್ಲ" ಎಂದಳು. ನನ್ನ ಮೇಲಿನ ಕರುಣೆಯಿಂದ ಹಾಗೆ ಅಂದಳೋ ಏನೋ. ಶವಸಂಸ್ಕಾರದ ದಿನ ಪಾದ್ರಿಗಳು, ಈ ತಾಯಿ ಪ್ರಭುವಿನ ಹಾಗೆ ಒಂದು ಮಾತೂ ದೂರದೆ ನೋವು ಸಹಿಸಿದಳು ಎಂದರು. ಜನ ಅತ್ತರು. ಮಾವ್ಶಿ ತಲೆಯಾಡಿಸಿದರು. ಶಿಲುಬೆಯ ಮೇಲಿದ್ದವನೂ ನೋವಿನಿಂದ ಕೂಗಿದ್ದ ಎಂದು ನಮಗೆ ಯಾರೂ ಒತ್ತಿ ಹೇಳಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ನಾನೇ ಬೈಬಲ್ ಓದುವಾಗ ಆ ಸಾಲಿನ ಮುಂದೆ ಪುಸ್ತಕ ಮುಚ್ಚಿಟ್ಟೆ.

ಈಗ ನಾನು ಮಣಿಪಾಲದಲ್ಲಿ ಪಾಠ ಮಾಡುತ್ತೇನೆ, ಶುಕ್ರವಾರವೂ ಮೀನು ತಿನ್ನುತ್ತೇನೆ. ಆಗ ನಮ್ಮ ಮನೆಯಲ್ಲಿ ನೋವನ್ನು ಕೈನೀಡಿ ತೆಗೆದುಕೊಳ್ಳುವ ದೇವರೊಬ್ಬ ಇದ್ದ. ಈಗ ತಲೆ ನೋಯುತ್ತದೆ, ಮಾತ್ರೆ ನುಂಗುತ್ತೇನೆ, ಅದು ತಲೆನೋವು ಅಷ್ಟೆ. ಅಮ್ಮ ಹೋದಳು, ಅವನೂ ಹೋದ. ಯಾರಿಗಾಗಿ ಹೆಚ್ಚು ಅತ್ತೆನೆಂದು ನನಗೇ ತಿಳಿಯದು.

ಮಾವ್ಶಿ ಪರ್ಕಳದಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ಎಂಬತ್ತು ದಾಟಿದೆ. ಕಿವಿ ಚುರುಕಾಗಿಯೇ ಇದೆ. ಹೋದ ತಪಸ್ಸು ಕಾಲದಲ್ಲಿ ಅವರೆದುರು ಕುಳಿತು, ಆ ಚೌಕಗಳಲ್ಲಿ ಏನಿತ್ತೆಂದು ಮೊದಲ ಬಾರಿಗೆ ಹೇಳಿದೆ. ಅವರು ಜಪಮಾಲೆಯನ್ನು ಮಡಿಲಲ್ಲಿಟ್ಟು ಕೇಳಿದರು. ಕೊನೆಗೆ ನಾನು ಒಂದು ಪ್ರಶ್ನೆ ಕೇಳಿದೆ. ಅವರು ಎದ್ದು ಚಾ ಇಡಲು ಒಳಗೆ ಹೋದರು. ಆಮೇಲೆ ಎಷ್ಟೋ ಭಾನುವಾರ ಹೋಗಿ ಬಂದಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.

"ಮಾವ್ಶಿ, ಅವತ್ತು ನಾನು ಹೇಳಿಬಿಟ್ಟಿದ್ದರೆ ನೀವು ಅಮ್ಮನನ್ನು ಮಾರನೇ ದಿನವೇ ಬಸ್ಸು ಹತ್ತಿಸುತ್ತಿದ್ದಿರಾ, ಅಥವಾ ಈಸ್ಟರ್ ಆಗಲಿ ಅಂತ ನೀವೂ ಹೇಳುತ್ತಿದ್ದಿರಾ?"