ಹೆಗಲ ಮೇಲಿನ ಬರೆ

ಹುಚ್ಚುನಾಯಿ ಕಚ್ಚಿದಾಗ ಸರ್ಕಾರಿ ಆಸ್ಪತ್ರೆಗೆ ಹೋಗಲು ನನಗೆ ಪ್ರಾಣಭಯ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಹಾಕುತ್ತಾರೆಂದು ಊರೆಲ್ಲ ಹೆದರಿಸಿತ್ತು. ತೋಳಿಗೆ ಐದೇ ಲಸಿಕೆ ಸಾಕು ಎಂದರು ಪಿರಿಯಾಪಟ್ಟಣದ ಒಂದು ಖಾಸಗಿ ಕ್ಲಿನಿಕ್ಕಿನವರು. ಅಲ್ಲಿಗೇ ಹೋದೆ. ಕೊನೆಯದನ್ನು ಕಾಂಪೌಂಡರ್ ತೋಳು ಬಿಟ್ಟು ಹೆಗಲ ಕೀಲಿಗೇ ಚುಚ್ಚಿದ. ಅಂದಿನಿಂದ ಬಲಗೈ ಎದೆಮಟ್ಟ ದಾಟಿ ಏಳಲಿಲ್ಲ. ನನ್ನದೋ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಸೊಪ್ಪು ಕಟ್ಟಿದ ಕಡ್ಡಿಗಳನ್ನು ತಲೆಯ ಮೇಲೆತ್ತಿ ನೇತುಹಾಕುವ ಕೆಲಸ. ಕೈ ಏಳದವನನ್ನು ಯಾವ ಸಾಹುಕಾರ ಕರೆಯುತ್ತಾನೆ?

ನಾನು ನರಳುವುದನ್ನು ನೋಡಲಾಗದೆ ಅವ್ವ ಅರಿಶಿನದ ಕೊಂಬನ್ನು ಕೆಂಡಕ್ಕಿಟ್ಟು ಹೆಗಲಿಗೆ ಮೂರು ಬರೆ ಎಳೆದಳು. ನಮ್ಮಲ್ಲಿ ಮಕ್ಕಳ ಕಾಮಾಲೆಗೂ ಅದೇ ಮದ್ದು, ಕುಂಟುವ ಎತ್ತಿಗೂ ಅದೇ. ಬರೆ ಮಾಯಿತು, ಕೈ ಏಳಲಿಲ್ಲ.

ಸೂಜಿ ಕೀಲಿಗೆ ಬಿದ್ದು ಹೀಗಾಗಿದೆ ಎಂದು ಮೈಸೂರಿನ ಮೂಳೆ ಡಾಕ್ಟರು ಬರೆದುಕೊಟ್ಟರು. ಹುಣಸೂರಿನ ವಕೀಲರೊಬ್ಬರು ಪರಿಹಾರ ಕೇಳಿ ಗ್ರಾಹಕರ ನ್ಯಾಯಾಲಯಕ್ಕೆ ದೂರು ಹಾಕಿದರು. ಬರೆ ನೋಡಿದ್ದೇ ಅವರು ಹಣೆ ಚಚ್ಚಿಕೊಂಡು, "ಇದನ್ನ ಬಾಯಿಬಿಡಬೇಡ ಕಣಯ್ಯ. ಕೇಳಿದ್ರೆ ಬ್ಯಾರನ್ನಿನ ಕಾದ ಪೈಪು ತಾಗಿದ ಹಳೇ ಗಾಯ ಅನ್ನು" ಎಂದರು. ನನಗೆ ಬುದ್ಧಿ ಇದ್ದಿದ್ದರೆ ಅಲ್ಲೇ ಒಲ್ಲೆ ಎನ್ನಬೇಕಿತ್ತು.

ಎರಡು ವರ್ಷ ಅಲೆದ ಮೇಲೆ ವಿಚಾರಣೆ ಬಂತು. ಎದುರು ವಕೀಲ ಅಂಗಿ ಬಿಚ್ಚಿಸಿದ. ಕಲಿಸಿಕೊಟ್ಟ ಸುಳ್ಳನ್ನು ಗಿಣಿಯಂತೆ ಒಪ್ಪಿಸಿದೆ.

"ಹಾಗಾದ್ರೆ ನಿನ್ನ ಹೆಗಲು ಕೆಟ್ಟಿದ್ದೂ ಬ್ಯಾರನ್ನಿನಲ್ಲೇ" ಎಂದ.

ಹಿಂದಿನ ಬೆಂಚಿನಿಂದ ಅವ್ವ ಎದ್ದೇಬಿಟ್ಟಳು. "ಇಲ್ಲ ಕಣ್ ಸ್ವಾಮಿ! ಸೂಜಿ ಆಕುಸ್ಕಂಡ್ ಬಂದ್ಮೇಲೆ ಕೈ ಎತ್ತಕಾಗ್ದೆ ಒದ್ದಾಡ್ತಿದ್ದ. ವಾಸಿಯಾಗ್ಲಿ ಅಂತ ನಾನೇ ಸುಟ್ಟಿದ್ದು!"

ಅಯ್ಯೋ, ಅವಳು ಹೇಳಿದ್ದೇ ನಿಜ. ಅದನ್ನೇ ನಾನು ಮೊದಲು ಹೇಳಿದ್ದರೆ ಗೆಲ್ಲುತ್ತಿದ್ದೆನೋ ಏನೋ. ದೂರುದಾರ ಸುಳ್ಳುಗಾರ, ಸುಟ್ಟಿದ್ದರಿಂದಲೇ ಕೀಲು ಕೆಟ್ಟಿರಬಹುದು ಎಂದು ನ್ಯಾಯಾಧೀಶರು ಆದೇಶ ಓದಿ ಕೇಸು ವಜಾ ಮಾಡಿದರು.

ಆದೇಶದ ದಿನ ಬಸ್ಸು ಬಿಳಿಕೆರೆ ದಾಟಿದ ಮೇಲೆ ಅವ್ವ ಮೆಲ್ಲಗೆ ಕೇಳಿದಳು. "ಅಂಗಾರೆ ನಿನ್ ಕೈ ಕಳ್ದೋಳು ನಾನೇನ್ಲಾ ಮಗ?"

ಅಲ್ಲ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಒಳಗಿದ್ದ ಸಿಟ್ಟೆಲ್ಲ ನಾಲಿಗೆಗೆ ಬಂದು, "ಊಂ, ಇನ್ಯಾರು?" ಎಂದುಬಿಟ್ಟೆ. ಹಾಳು ನಾಲಿಗೆ!

ಆಮೇಲೆ ನೂರು ಸಲ ಅಲ್ಲ ಎಂದೆ, ಕಾಲು ಹಿಡಿದೆ. ಅವಳು ನಂಬಲಿಲ್ಲ. ಕೈ ಏಳದ ನನಗೆ ತಾನು ಸಾಯುವ ತನಕ ದಿನಾ ಅವಳೇ ತಲೆ ಬಾಚಿದಳು, ಮುಖ ಮಾತ್ರ ನೋಡಲಿಲ್ಲ.