ಮುಸರತ್ ಆಪಾ ಉಜ್ಜಿದ ಹೆಸರುಗಳು

ಮದ್ದೂರಿನ ಪೇಟೆ ಬೀದಿಯಲ್ಲಿ ನನ್ನದೊಂದು ಕೊರಿಯರ್ ಅಂಗಡಿ. ಹದಿನಾಲ್ಕು ವರ್ಷದಿಂದ ಜನರ ಪೊಟ್ಟಣಗಳಿಗೆ ಟೇಪು ಸುತ್ತುತ್ತಿದ್ದೇನೆ. ಯಾರ ಮನೆಯಿಂದ ಏನು ಹೊರಗೆ ಹೋಗುತ್ತದೆ ಎಂಬುದು ನನಗೆ ಗೊತ್ತಿರುವಷ್ಟು ಅವರ ನೆಂಟರಿಗೂ ಗೊತ್ತಿಲ್ಲ. ಉಪ್ಪಿನಕಾಯಿ, ಹುರುಳಿಕಾಳು, ಕೋರ್ಟಿನ ಕಾಗದ, ಹೆಣ್ಣಿನ ಫೋಟೊ, ಜಾತಕ. ಇವುಗಳ ನಡುವೆ ವಾರಕ್ಕೆ ಒಂದೆರಡು ಸಲ ‘ಹಳೇ ವಿಡಿಯೊ ಗೇಮ್’ ಎಂದು ನಾನು ಬರೆಯುವುದು ಒಬ್ಬರ ಪೊಟ್ಟಣದ ಮೇಲೆ ಮಾತ್ರ. ಅವರು ಎದುರು ಓಣಿಯ ಮುಸರತ್. ನನಗಿಂತ ಎರಡು ವರ್ಷ ದೊಡ್ಡವರು, ಹಾಗಾಗಿ ನನಗೆ ಆಪಾ.

ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಸೆಟ್ಟುಗಳು ನಿಮಗೆ ನೆನಪಿರಬಹುದು. ಬೂದು ಬಣ್ಣದ ಪೆಟ್ಟಿಗೆ, ಅದರ ತಲೆಗೆ ತುರುಕುವ ಹಳದಿ ಕ್ಯಾಸೆಟ್ಟು, ವೈರಿನ ತುದಿಯಲ್ಲಿ ಎರಡು ಜಾಯ್‌ಸ್ಟಿಕ್ಕು. ಆಪಾ ಅಂಥವನ್ನು ಹಳ್ಳಿಗಳಲ್ಲಿ ಕೊಂಡು, ರಿಪೇರಿ ಮಾಡಿ, ಬೆಂಗಳೂರು, ಪುಣೆ, ಕೊಚ್ಚಿಯ ಶೋಕಿದಾರರಿಗೆ ಮಾರುತ್ತಾರೆ. ಮೊದಲ ಸಲ ಅವರು ನನ್ನ ಕೌಂಟರಿನ ಮೇಲೆ ಅದನ್ನು ತಂದಿಟ್ಟಾಗ ನಾನು ನಕ್ಕಿದ್ದೆ, ಇದಕ್ಕಿಂತ ಕೊರಿಯರ್ ಚಾರ್ಜೇ ಜಾಸ್ತಿಯಾಗುತ್ತದಲ್ಲ ಎಂದು. ಆ ಸೆಟ್ಟು ಹೋದ ಬೆಲೆ ಕೇಳಿದ ಮೇಲೆ ನಗು ನಿಂತಿತು.

ಈ ವ್ಯಾಪಾರಕ್ಕೆ ಇಳಿದ ಗಂಡಸರೂ ಇದ್ದರು. ಅವರು ಯಾರ ಮನೆಯಲ್ಲೂ ಜಗಲಿ ದಾಟಲಿಲ್ಲ. ಅಟ್ಟದ ಮೇಲೆ ಏನಾದರೂ ಇದ್ದರೆ ನೋಡಿ ಅಂದರೆ, ಕೆಲಸ ಬಿಟ್ಟು ಹತ್ತಿ ನೋಡುವ ಹೆಂಗಸು ಯಾವ ಊರಿನಲ್ಲಿದ್ದಾಳೆ? ಆಪಾ ಸ್ಕೂಟಿ ನಿಲ್ಲಿಸಿ ನೀರು ಕೇಳುತ್ತಾರೆ, ಅಡುಗೆಮನೆಗೆ ಹೋಗುತ್ತಾರೆ, ಅರ್ಧ ಗಂಟೆ ಅವರೆಕಾಯಿ ಸುಲಿಯುತ್ತಾರೆ, ಆಮೇಲೆ ತಾವೇ ಏಣಿ ಇಟ್ಟುಕೊಂಡು ಅಟ್ಟ ಹತ್ತುತ್ತಾರೆ. ಕೊತ್ತತ್ತಿಯಲ್ಲಿ ಸಿಕ್ಕ ಸೆಟ್ಟಿನೊಳಗೆ ಇಲಿ ಮರಿ ಹಾಕಿತ್ತು. ಯಲಿಯೂರಿನದಕ್ಕೆ ಹದಿನೈದು ಆಯುಧಪೂಜೆಯ ಕುಂಕುಮ ಮೆತ್ತಿತ್ತು. ಹಳದಿಗಟ್ಟಿದ ಪ್ಲಾಸ್ಟಿಕ್ಕಿಗೆ ಬ್ಯೂಟಿ ಪಾರ್ಲರಿನಲ್ಲಿ ಕೂದಲಿನ ಬಣ್ಣ ತೆಗೆಯಲು ಹಾಕುವ ದ್ರವ ಸವರಿ ತಾರಸಿಯ ಬಿಸಿಲಿಗೆ ಇಡುತ್ತಾರೆ. ಒಂದು ಕಡೆ ಸಂಡಿಗೆ, ಒಂದು ಕಡೆ ವಿಡಿಯೊ ಗೇಮು. ಕಾಗೆ ಎರಡಕ್ಕೂ ಬರುತ್ತದೆ.

ಆಪಾಗೆ ಈ ಕೈಚಳಕ ಬಂದದ್ದು ತಂದೆಯಿಂದ. ಮಜೀದ್ ಸಾಬರು ನಲವತ್ತು ವರ್ಷ ಪಾತ್ರೆ ಅಂಗಡಿಗಳ ಮುಂದೆ ಗೋಣಿತಾಟು ಹಾಸಿಕೊಂಡು ಪಾತ್ರೆಗಳಿಗೆ ಹೆಸರು ಕೊರೆದವರು. ಮದುವೆಗೆ, ತಿಥಿಗೆ ಊರೊಳಗೆ ಓಡಾಡುವ ಕೊಳಗ, ಪರಾತಗಳು ಹೆಸರಿದ್ದರೆ ತಾನೆ ಮನೆಗೆ ವಾಪಸಾಗುವುದು? ಅವರಿಗೆ ಕನ್ನಡ ಓದಲು ಬಾರದು. ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಚಿತ್ರದ ಹಾಗೆ ನೋಡಿ ಕೊರೆಯುತ್ತಿದ್ದರು. ಆದರೂ ಅವರ ಅಕ್ಷರ ನಮ್ಮ ಮೇಷ್ಟರ ಅಕ್ಷರಕ್ಕಿಂತ ದುಂಡಗಿತ್ತು. ವಿಡಿಯೊ ಗೇಮು ಬಂದ ಕಾಲದಲ್ಲಿ ಮಕ್ಕಳು ರಜೆಯಲ್ಲಿ ಜಾಯ್‌ಸ್ಟಿಕ್ಕನ್ನು ಕಂಕುಳಲ್ಲಿಟ್ಟುಕೊಂಡು ಒಬ್ಬರ ಮನೆಯಿಂದ ಒಬ್ಬರ ಮನೆಗೆ ತಿರುಗುತ್ತಿದ್ದರು. ಅದಲು ಬದಲಾಗಿ ಜಗಳ ಶುರುವಾದ ಮೇಲೆ, ಚೊಂಬಿಗೆ ಹಾಕಿಸಿದ ಹಾಗೆ ಅದಕ್ಕೂ ಹೆಸರು ಹಾಕಿಸಿ ಎಂದು ದೊಡ್ಡವರು ಸಾಬರ ಹತ್ತಿರ ಕರೆತಂದರು. ಪ್ಲಾಸ್ಟಿಕ್ಕಿಗೆ ಉಳಿ ನಡೆಯುವುದಿಲ್ಲ, ಸೀಳುತ್ತದೆ. ಸಾಬರು ದಬ್ಬಳ ಕಾಯಿಸಿ ಬರೆದರು.

ತಾಪತ್ರಯ ಹುಟ್ಟಿದ್ದೇ ಈ ಹೆಸರುಗಳಿಂದ. ಮೂರು ವರ್ಷದ ಹಿಂದೆ ಪುಣೆಯಿಂದ ಒಂದು ಪೊಟ್ಟಣ ವಾಪಸ್ ಬಂತು. ಮೇಲೆ ಯಾರೋ ಏನೋ ಗೀಚಿದ್ದಾರೆ, ಬೇಡ ಎಂದು ಕೊಂಡವರು ಬರೆದಿದ್ದರು. ಆಪಾ ಸಪ್ಪಗೆ ನಿಂತಿದ್ದರು. ನನ್ನ ಬಾಯಿ ಸುಮ್ಮನಿರಬೇಕಲ್ಲ.

“ಉಜ್ಜಾಕ್ಬುಡಿ ಆಪಾ. ಯಾರ್ದೋ ಹೆಸ್ರು ಕಟ್ಕಂಡು ಏನಾಗ್ಬೇಕು?” ಅಂದೆ.

ಎದುರಿನ ಹಾರ್ಡ್‌ವೇರ್ ಅಂಗಡಿಯಿಂದ ನೀರು ಹಾಕಿ ಉಜ್ಜುವ ಉಪ್ಪುಕಾಗದ ತಂದುಕೊಟ್ಟವನೂ ನಾನೇ. ಅವತ್ತಿನಿಂದ ಅವರು ಹೆಸರು ಉಜ್ಜಿ, ಟೂತ್‌ಪೇಸ್ಟ್ ಹಾಕಿ ಮಿರುಗಿಸಿ ಮಾರತೊಡಗಿದರು. ವ್ಯಾಪಾರ ಕುದುರಿತು. ಆದರೆ ತಂದೆಗೆ ಹೇಳಲಿಲ್ಲ. ಸಾಬರ ಕಣ್ಣಿಗೆ ಪೊರೆ ಬಂದಿದೆ, ಕೈ ನಡುಗುತ್ತದೆ, ಮನೆಯ ಬಾಗಿಲ ಪಕ್ಕದ ಮಂಚದ ಮೇಲೇ ಇರುತ್ತಾರೆ. ಹೊಸ ಸೆಟ್ಟು ಬಂದಾಗಲೆಲ್ಲ ನನ್ನ ಕೈ ಏನಾದರೂ ಇದೆಯಾ ಎಂದು ಕೇಳುತ್ತಾರೆ. ಇದ್ದರೆ ಆಪಾ ಅದನ್ನು ಅವರ ಕೈಗೆ ಕೊಡುತ್ತಾರೆ. ಸಾಬರು ಹೆಬ್ಬೆರಳಿನಲ್ಲಿ ಅಕ್ಷರದ ಆಕಾರ ತಡವಿ, ಕೊರೆದ ದಿನ ನೆನೆದು, ಇಂಥ ಊರಿನವರು ಮಾಡಿಸಿದ್ದು ಎಂದು ಹೇಳಿ ಖುಷಿಪಡುತ್ತಾರೆ. ಆಮೇಲೆ ಆಪಾ ಅದನ್ನು ತಾರಸಿಗೆ ಒಯ್ದು ಉಜ್ಜುತ್ತಾರೆ. ಮೂರು ವರ್ಷ ಹೀಗೇ ನಡೆಯಿತು. ಅಬ್ಬಾಗೆ ಗೊತ್ತಾಗುವುದೊಂದು ಬಿಟ್ಟು ಬೇರೇನು ಬೇಕಾದರೂ ಆಗಲಿ ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದರು.

ಹೋದ ಮಾರ್ಚಿನ ಒಂದು ಮಧ್ಯಾಹ್ನ ಆಪಾ ಫೋನು ಮಾಡಿ, ಬೆಳಗ್ಗೆ ಕೊಟ್ಟ ಪುಣೆಯ ಪೊಟ್ಟಣ ಕಳಿಸಬೇಡಿ, ಮನೆಗೆ ತನ್ನಿ ಎಂದರು. ನನಗೆ ರೇಗಿತು. ಸೀಲಾದ ಪೊಟ್ಟಣ, ಮೂರು ಗಂಟೆಗೆ ಗಾಡಿ. ಮೇಲಾಗಿ ಅದು ನಾಲ್ಕು ತಿಂಗಳು ಕಾದಿದ್ದ ಗಿರಾಕಿಗೆ ಹೊರಟ ಜೋಡಿ ಜಾಯ್‌ಸ್ಟಿಕ್ಕಿನ ಪೂರ್ತಿ ಸೆಟ್ಟು. ಗೊಣಗಿಕೊಂಡೇ ಹೊತ್ತುಕೊಂಡು ಹೋದೆ.

ನಡುಮನೆಯಲ್ಲಿ ಮೂವತ್ತೈದರ ಆಸುಪಾಸಿನ ಹೆಂಗಸೊಬ್ಬರು ನೆಲದ ಮೇಲೆ ಕೂತಿದ್ದರು. ಹೆಸರು ಶ್ವೇತ, ಮಳವಳ್ಳಿಯಲ್ಲಿ ದನದ ಡಾಕ್ಟರು, ಕೊಪ್ಪದ ಮನೆಮಗಳು. ಸುಣ್ಣ ಹೊಡೆಸಲು ಅಟ್ಟ ಖಾಲಿ ಮಾಡಿದ ಅವರ ತಾಯಿ ಚಿಕ್ಕಬೋರಮ್ಮ, ಹದಿನೈದು ದಿನದ ಹಿಂದೆ ಗೇಮಿನ ಸೆಟ್ಟನ್ನು ಆಪಾಗೆ ಮಾರಿದ್ದರು. ಮಗಳನ್ನು ಕೇಳಿರಲಿಲ್ಲ. ಮಗಳು ಅದನ್ನು ವಾಪಸ್ ಕೇಳಲು ಬಂದಿದ್ದರು. ಸೆಟ್ಟಲ್ಲ, ಅದರ ಎರಡನೇ ಜಾಯ್‌ಸ್ಟಿಕ್ಕು ಮಾತ್ರ.

ಸೆಟ್ಟು ಬಂದದ್ದು ಅಣ್ಣ ಅಶೋಕನಿಗಂತೆ. ಹುಡುಗೀರಿಗೆ ಯಾಕೆ ಇದೆಲ್ಲ ಎಂದು ಅವನು ಇವರನ್ನು ಮುಟ್ಟಲೂ ಬಿಡುತ್ತಿರಲಿಲ್ಲ. ತಾತ ಮುದ್ದಯ್ಯ ಎರಡು ದಿನ ನೋಡಿ, ಮೂರನೇ ದಿನ ಮೊಮ್ಮಗಳನ್ನು ಬಸ್ಸು ಹತ್ತಿಸಿಕೊಂಡು ಮದ್ದೂರಿಗೆ ಬಂದು, ಎರಡನೇ ಜಾಯ್‌ಸ್ಟಿಕ್ಕಿಗೆ ಅವಳ ಹೆಸರು ಹಾಕಿಸಿದರು. ಆಮೇಲೆ ಅಣ್ಣ ತಕರಾರು ಎತ್ತಲಿಲ್ಲ.

“ನಮ್ಮನೇಲಿ ಚೊಂಬಿಂದ ಕೊಳಗದ ಗಂಟ ಎಲ್ಲದ್ರ ಮೇಲೂ ಗಂಡಸ್ರ ಹೆಸ್ರೇಯ,” ಅಂದರು ಶ್ವೇತ. “ನನ್ನೆಸ್ರು ಇದ್ದುದ್ದು ಇದೊಂದ್ರಲ್ಲೇ ಕಣಕ್ಕ.”

ಎಂಟು ಜಾಯ್‌ಸ್ಟಿಕ್ಕು ತುಂಬಿದ ಬಿಸ್ಕೆಟ್ ಡಬ್ಬ ಅವರ ಮುಂದಿತ್ತು. ಒಂದರ ಮೇಲೂ ಹೆಸರಿರಲಿಲ್ಲ. ಚೆನ್ನಾಗಿರುವುದನ್ನು ಆರಿಸಿ ಜೋಡಿ ಮಾಡುವಾಗ ಎಲ್ಲ ಕಲೆಸಿಹೋಗಿತ್ತು. ನಿಮ್ಮ ಸೆಟ್ಟಿನಲ್ಲಿ ಹೆಸರಿದ್ದದ್ದು ಯಾವುದೂ ಬರಲಿಲ್ಲ ಎಂದು ಆಪಾ ಆಗಲೇ ಒಂದು ಸುಳ್ಳು ಹೇಳಿ ಆಗಿತ್ತು. ಅಪ್ಪ ಮಗಳು ತಮ್ಮಲ್ಲಿ ಉರ್ದು ಮಾತಾಡುತ್ತಾರೆ. ಅವತ್ತು ಸಾಬರು ಎಲ್ಲರಿಗೂ ಅರ್ಥವಾಗಲಿ ಎಂದೋ ಏನೋ, ಮಂಚದಿಂದಲೇ ಕನ್ನಡದಲ್ಲಿ ಅಂದರು:

“ಬರ್ಲಿಲ್ಲ ಅಂತೀಯಲ್ಲ. ಮೊನ್ನೆ ತಾನೆ ನನ್ನ ಕೈಗೆ ಕೊಟ್ಟಿದ್ದೆ. ಕೊಪ್ಪದ ಮುದ್ದಯ್ಯ ಕೂಸ್ನ ಕರ್ಕಂಡು ಬಂದು ಮಾಡ್ಸಿದ್ದು ಅದು.”

ಆಪಾ ಡಬ್ಬವನ್ನು ಮುಂದಕ್ಕೆ ಸರಿಸಿದರು. ಶ್ವೇತ ಡಬ್ಬದಲ್ಲಿದ್ದವನ್ನು ಒಂದೊಂದಾಗಿ ಕೈಗೆ ತೆಗೆದುಕೊಂಡು, ಕಣ್ಣು ಮುಚ್ಚಿ, ಆಡುವ ಹಾಗೆ ಹಿಡಿದು, ಕೆಳಗಿಟ್ಟರು. ಎಂಟೂ ಅಲ್ಲ. ಆಗ ಆಪಾ ನನ್ನ ಪೊಟ್ಟಣ ತೋರಿಸಿದರು. ನಾನು ಬ್ಲೇಡಿನಿಂದ ಟೇಪು ಕೊಯ್ದೆ. ಅದರೊಳಗಿದ್ದ ಎರಡರಲ್ಲಿ ಒಂದನ್ನು ಹಿಡಿದ ಕೂಡಲೇ ಶ್ವೇತ ಕಣ್ಣು ತೆರೆದರು. ಅವರ ಎಡಗೈ ಹೆಬ್ಬೆರಳು ಹೆಸರಿದ್ದ ಜಾಗಕ್ಕೇ ಹೋಗಿ ನಿಂತಿತ್ತು. ನನಗೆ ಕಂಡದ್ದು ನುಣ್ಣನೆಯ ಬೂದು ಪ್ಲಾಸ್ಟಿಕ್ಕು. ಉಜ್ಜಿದ ಜಾಗ ಕೂದಲೆಳೆಯಷ್ಟು ತಗ್ಗಾಗಿತ್ತು, ಅದು ಅದರಲ್ಲಿ ಆಡಿ ಬೆಳೆದ ಬೆರಳಿಗೆ ಮಾತ್ರ ಗೊತ್ತಾಗುತ್ತಿತ್ತು.

“ಇದೇಯ. ನನ್ನೆಸ್ರೆಲ್ಲಿ?” ಅಂದರು.

“ನಾನೇ ಉಜ್ಜಿದೆ,” ಅಂದರು ಆಪಾ. ಅದನ್ನು ಶ್ವೇತ ಅವರಿಗೆ ಹೇಳಲಿಲ್ಲ. ಮಂಚದ ಕಡೆಗೆ ತಿರುಗಿ ಹೇಳಿದರು. “ಮೂರ್ ವರ್ಸದಿಂದ ಎಲ್ಲಾನೂ ಉಜ್ತಾ ಇದೀನಿ ಅಬ್ಬಾ.”

ಉಪಾಯ ಹೇಳಿಕೊಟ್ಟವನು ನಾನು ಎಂದು ಹೇಳುವ ಬದಲು ಕೊಯ್ದ ಟೇಪನ್ನು ಉಂಡೆ ಕಟ್ಟುತ್ತಾ ನಿಂತೆ. ಸಾಬರು ಕೈ ಚಾಚಿದರು. ಶ್ವೇತ ಅದನ್ನು ಅವರ ಕೈಗಿಟ್ಟರು. ಅವರು ಬಹಳ ಹೊತ್ತು ಆ ಜಾಗದ ಮೇಲೆ ಹೆಬ್ಬೆರಳು ಆಡಿಸಿದರು. ಬೈದಿದ್ದರೆ ಎಲ್ಲರಿಗೂ ಹಗುರವಾಗುತ್ತಿತ್ತು.

“ಚೆನ್ನಾಗ್ ಉಜ್ಜಿದೀಯ,” ಅಂದರು. “ನನ್ನ ಕೈಗೇ ಗೊತ್ತಾಗ್ದಂಗೆ.”

ಆಪಾ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸಾಬರು, ದಬ್ಬಳ ಕಾಯಿಸು ಎಂದರು. ತಾನು ಬರೆಯಲಾರೆ, ಅಳಿಸಿದವಳೇ ಬರೆಯಲಿ ಎಂದರು. ಆಪಾ ಅಲ್ಲಿಯವರೆಗೆ ಒಂದು ಹೆಸರನ್ನೂ ಕೊರೆದವರಲ್ಲ. ಒತ್ತಬೇಡ, ಬಿಸಿಗೆ ತಾನೇ ಇಳಿಯುತ್ತದೆ ಎಂದು ಸಾಬರು ಮಂಚದಿಂದ ಹೇಳುತ್ತಾ ಹೋದರು, ಆಪಾ ಗ್ಯಾಸಿನ ಒಲೆಯ ಪಕ್ಕ ಕೂತು ಬರೆದರು. ಅಕ್ಷರ ಸೊಟ್ಟಗಾಯಿತು. ಒತ್ತಕ್ಷರ ಜಾರಿ ಬಟನ್ನಿಗೆ ತಾಗಿತು.

ಶ್ವೇತ ತಡವಿ ನೋಡಿದರು. ತಾತ ಹಾಕಿಸಿದ್ದು ಹೀಗಿರಲಿಲ್ಲ ಎಂದರು. ಆಮೇಲೆ ವೈರನ್ನು ಸುತ್ತಿ ಬ್ಯಾಗಿಗೆ ಹಾಕಿಕೊಂಡರು. ಆಪಾ ದುಡ್ಡು ಮುಟ್ಟಲಿಲ್ಲ. ಪುಣೆಯ ಗಿರಾಕಿ ಕೈತಪ್ಪಿದ.

ಅವರು ಹೋದ ಮೇಲೆ ಸಾಬರು ಬಿಸ್ಕೆಟ್ ಡಬ್ಬದೊಳಗೆ ಕೈ ಹಾಕಿ, “ಇವು ಯಾರ್‍ಯಾರವು?” ಎಂದು ಕೇಳಿದರು.

ಆಪಾಗೆ ಒಂದು ಹೆಸರೂ ನೆನಪಿರಲಿಲ್ಲ. ನಾನು ಅಂಗಡಿಗೆ ಬಂದು ಮೂರು ವರ್ಷದ ರಸೀದಿಗಳನ್ನೆಲ್ಲ ತೆಗೆದು ನೋಡಿದೆ. ಅಲ್ಲಿದ್ದದ್ದು ಪೊಟ್ಟಣ ತಲುಪಬೇಕಾದವರ ಹೆಸರು ಮಾತ್ರ.

ಈಗ ಆಪಾ ಉಜ್ಜುವುದಿಲ್ಲ. ನಾನು ‘ಹಳೇ ವಿಡಿಯೊ ಗೇಮ್, ಹೆಸರಿದೆ’ ಎಂದು ಬರೆಯುತ್ತೇನೆ. ಬೆಲೆ ಕಡಿಮೆ ಬರುತ್ತದೆ, ಕೆಲವು ವಾಪಸೂ ಬರುತ್ತವೆ. ಆ ಎಂಟನ್ನು ಅವರು ಮಾರಲಿಲ್ಲ. ಯಾರಾದರೂ ಬಂದು ಹೆಬ್ಬೆರಳಲ್ಲಿ ಗುರುತು ಹಿಡಿಯಬಹುದು ಎಂದು ಸಾಬರು ಡಬ್ಬವನ್ನು ತಮ್ಮ ಮಂಚದ ಕೆಳಗೆ ಇಡಿಸಿಕೊಂಡಿದ್ದಾರೆ. ಇದುವರೆಗೆ ಯಾರೂ ಬಂದಿಲ್ಲ.