ಬೇಸಿಗೆ ನೋಡದೆ ಕೊಂಡ ಮನೆ

ಮಲ್ಲಸಮುದ್ರದ ಕಡೆಯ ಆ ಮನೆಗೆ ಆಗ ನಾಲ್ಕೇ ವರ್ಷ. ಕಟ್ಟಿಸಿದ್ದ ಶಾಲಾ ಮಾಸ್ತರರಿಗೆ ವರ್ಗವಾಗಿ ಮಾರಲು ನಿಂತಿದ್ದರು. ನನ್ನ ಹೆಂಡತಿ ಮೊದಲು ಕೇಳಿದ್ದು, "ಮನೀಗೆ ಏನರ ಗ್ಯಾರಂಟಿ ಕಾಗದ ಐತೇನ್ರಿ ಸರ?"

"ನಾನಽ ಮುಂದ ನಿಂತು ಕಟ್ಟಿಸಿದ್ದವ್ವ. ಬಿಲ್ಡರ್ ಇದ್ರ ತಾನ ಕಾಗದ?" ಎಂದರು ಮಾಸ್ತರರು.

ನಾನಿರುವಾಗ ಕಾಗದ ಯಾಕೆ ಎಂದು ನನಗೆ ನಗು ಬಂತು. ಐದನೆಯ ಇಯತ್ತೆಗೆ ಶಾಲೆ ಬಿಟ್ಟು ಗೌಂಡಿ ಕೆಲಸಕ್ಕೆ ಇಳಿದವನು ನಾನು. ಗದಗ-ಬೆಟಗೇರಿಯಲ್ಲಿ ನಾನು ಏರಿಸಿದ ಗೋಡೆ ಒಂದೂ ಬಾಗಿಲ್ಲ. ಗೋಡೆ ಬಡಿದು ಕೇಳಿದೆ, ಮೂಲೆಗಳಲ್ಲಿ ದಾರದ ಗುಂಡು ಇಳಿಬಿಟ್ಟು ನೋಡಿದೆ. ಎಲ್ಲ ನೆಟ್ಟಗಿತ್ತು.

ಅವಳು ಅಡರಕಟ್ಟಿಯ ಎರೆಹೊಲದಲ್ಲಿ ಬೆಳೆದವಳು. ಹೊರಗೆ ಬಂದ ಮೇಲೆ, "ಇದು ಎರಿ ನೆಲ ರೀ. ಮಳಿಗಾಲ, ಉಬ್ಬಿ ಕುಂತೈತಿ. ಬ್ಯಾಸಿಗ್ಯಾಗ ಒಣಗಿ ಬಿರೀತೈತಿ. ಒಂದು ಬ್ಯಾಸಿಗಿ ನೋಡಿ ತಗೊಳ್ಳೂಣು" ಅಂದಳು.

"ಗೌಂಡಿ ನಾನೋ ನೀನೋ?" ಅಂದೆ. ಅಷ್ಟು ವರ್ಷ ಮಂದಿಯ ಮನೆ ಕಟ್ಟಿದವನಿಗೆ ಸ್ವಂತದ್ದೊಂದು ಬೇಗ ಬೇಕಿತ್ತು. ಶ್ರಾವಣದಲ್ಲೇ ಖರೀದಿ ಮುಗಿಸಿದೆ.

ಯುಗಾದಿ ಕಳೆದ ವಾರ ಅಡುಗೆಮನೆಯ ನೆಲ ಕುಸಿದು, ಗೋಡೆಯ ಬುಡದಲ್ಲಿ ಬೆರಳು ಹೋಗುವಷ್ಟು ಸಂದು ಬಿಟ್ಟಿತು. ಅಡಿಪಾಯವೂ ಎರೆಮಣ್ಣಿನಲ್ಲೇ ನಿಂತಿದ್ದರೆ ಇಡೀ ಮನೆ ಇಂದಲ್ಲ ನಾಳೆ ಬಿರಿಯುತ್ತದೆ. ಅದು ಗೊತ್ತಿದ್ದೂ ಸಂದು ಮುಚ್ಚಲು ಸಿಮೆಂಟು ಕಲಸುತ್ತ ಕೂತೆ.

"ಮ್ಯಾಲೆ ಮೆತ್ತಿ ಯಾರಿಗೆ ತೋರಸ್ತೀರಿ? ಕೆಳಗ ಅಗದು ನೋಡ್ರಿ" ಅಂದಳು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಹೊರಗೋಡೆಗೆ ತಾಗಿ ಅಗೆದೆ. ಎದೆಮಟ್ಟ ಇಳಿದರೂ ಕಪ್ಪು ಮಣ್ಣೇ. ಆಮೇಲೆ ಹಾರೆ ಖಣ್ ಎಂದಿತು. ಗರಸು! ಅಡಿಪಾಯದ ಕಲ್ಲು ಆ ಗಟ್ಟಿ ಕಲ್ಲುಮಣ್ಣಿನ ನೆಲದ ಮೇಲೆಯೇ ಕೂತಿತ್ತು. ಹೆಸರೂ ಗೊತ್ತಿಲ್ಲದ ಯಾವನೋ ಗೌಂಡಿ, ಯಾರೂ ನೋಡದ ಆಳದಲ್ಲಿ, ಒಂದು ಗೇಣೂ ಕದ್ದಿರಲಿಲ್ಲ. ಕುಣಿಯೊಳಗೇ ನಿಂತು ಕೈ ಮುಗಿದೆ. ಎರೆಮಣ್ಣು ತುಂಬಿ ಕೆಡಿಸಿದ್ದು ಅಡುಗೆಮನೆಯ ನೆಲವನ್ನು ಮಾತ್ರ; ಅದನ್ನು ಒಡೆದು ಗರಸು ತುಂಬಿದರೆ ಆಯಿತು.

"ಬಾ ಇಲ್ಲಿ, ಮನಿ ಗಟ್ಟಿ ಐತಿ!" ಎಂದು ಕೂಗಿದೆ.

"ನಿಮ್ಮ ಮಾತು ಒಂದು ಸಲ ಕೇಳೇನಿ, ಸಾಕು" ಎನ್ನುತ್ತ ಸೀರೆ ಎತ್ತಿ ಕಟ್ಟಿ ತಾನೇ ಕುಣಿಗೆ ಇಳಿದಳು. ಕಲ್ಲಿನ ಬುಡಕ್ಕೆ ಕೈ ಹಾಕಿ ಕೆರೆದಳು, ಬಿತ್ತುವ ಮುಂಚೆ ಹೊಲದ ಹಸಿ ನೋಡುವವರ ಹಾಗೆ.

"ಹೂಂ. ಇದು ಬಿರಿಯಂಗಿಲ್ಲ. ಈಗ ನನ್ನ ಮ್ಯಾಲೆ ಎತ್ರಿ, ಗೌಂಡಿ ಸಾಹೇಬ್ರ."

ಎತ್ತಿದೆ. ಮರುದಿನ ಗರಸು ಬಂದಾಗ, ಒಂದೊಂದು ಬುಟ್ಟಿಯನ್ನೂ ಮುಟ್ಟಿ ನೋಡಿ ಒಳಗೆ ಬಿಟ್ಟವಳು ಅವಳೇ.